ಸವತ್ಯಾರ ದಿಬ್ಬ ನೀರಲ್ಲ, ಮಾನ್ಯರೇ

ಗಣತಿ ಉಸ್ತುವಾರಿ ಅಧಿಕಾರಿಗಳಿಗೆ,

ಮಾನ್ಯರೇ, ಜೀವಂತವಿರುವ ಇಬ್ಬರು ಹೆಂಗಸರನ್ನು ನಲವತ್ತೆಂಟು ಗಂಟೆಯೊಳಗೆ ಅಳಿಸಿಹಾಕಬೇಕೆಂದು ತಾವು ನನಗೆ ಲಿಖಿತ ಆದೇಶ ಕೊಟ್ಟಿದ್ದೀರಿ. ಗಾಬರಿಯಾಗಬೇಡಿ, ಆದೇಶದ ಭಾಷೆ ಇಷ್ಟು ಒರಟಾಗಿಲ್ಲ. 'ಕ್ರಮ ಸಂಖ್ಯೆ 117ರ ಮನೆಯು ಜಲಾಶಯದ ನೀರಿನೊಳಗೆ ತೋರುತ್ತಿರುವುದರಿಂದ ಸದರಿ ನಮೂದನ್ನು ತೆಗೆದುಹಾಕುವುದು, ಹಾಗೂ ಒಂದೇ ಮನೆಗೆ ಮೂರು ದಿನ ವ್ಯಯಿಸಿದ್ದೇಕೆಂದು ವಿವರಣೆ ನೀಡುವುದು' ಎಂದು ಸಭ್ಯವಾಗಿಯೇ ಬರೆದಿದ್ದೀರಿ. ವಿವರಣೆಯನ್ನು ಮುಚ್ಚಿದ ಲಕೋಟೆಯಲ್ಲಿ ಸಲ್ಲಿಸಬೇಕೆಂದೂ ಸೂಚಿಸಿದ್ದಿರಿ. ಎರಡು ಸಲ ಸಲ್ಲಿಸಿದೆ. ಎರಡೂ ಸಲ ಲಕೋಟೆಗಳು ಮುಚ್ಚಿದಂತೆಯೇ ಇವೆಯೆಂದು ತಮ್ಮ ಕಚೇರಿಯ ಗುಮಾಸ್ತರು ಬಹಳ ವಿನಯದಿಂದ ತಿಳಿಸಿದರು. ಆದ್ದರಿಂದ ಈ ಸಲ ಪತ್ರಿಕೆಯ ಮೂಲಕ, ತೆರೆದೇ ಕಳಿಸುತ್ತಿದ್ದೇನೆ. ತೆರೆಯುವ ಶ್ರಮವಾದರೂ ತಮಗೆ ತಪ್ಪಲಿ.

ನಾನು ಇಂಡಿ ತಾಲೂಕಿನ ತಾಂಬಾದವಳು. ಒಣ ಸೀಮೆಯ ಹುಡುಗಿ. ಮದುವೆಯಾಗಿ ಮುಳವಾಡದ ಕಡೆ ಬರುವವರೆಗೆ ಮೊಣಕಾಲಿಗಿಂತ ಮೇಲೆ ನೀರಿಗಿಳಿದವಳಲ್ಲ. ಹದಿನಾಲ್ಕು ವರ್ಷದಿಂದ ಕೃಷ್ಣೆಯ ಹಿನ್ನೀರಿನ ದಂಡೆಯ ಒಂದು ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳುತ್ತಿದ್ದೇನೆ. ಊರಿನ ಹೆಸರು ತಮ್ಮ ನೋಟಿಸಿನಲ್ಲಿದೆ. ಎರಡು ಅಕ್ಷರ ತಪ್ಪಾಗಿವೆಯಾದರೂ ಊರವರು ಅದನ್ನು ಮನಸ್ಸಿಗೆ ಹಚ್ಚಿಕೊಂಡಿಲ್ಲ. ಮೇಲಿನಿಂದ ಯಾವ ಕೆಲಸ ಬಂದರೂ 'ಹೌದ್ರಿ ಸರ್' ಎಂದು ತಲೆಯಾಡಿಸಿ ಮಾಡಿದವಳು ನಾನು. ದನ ಎಣಿಸಿದ್ದೇನೆ, ಕಕ್ಕಸು ಎಣಿಸಿದ್ದೇನೆ, ಮತದಾರರನ್ನು ಎಣಿಸಿದ್ದೇನೆ. ಉಳಿದ ಸಮಯದಲ್ಲಿ ಮಕ್ಕಳಿಗೆ ಎಣಿಸುವುದನ್ನು ಕಲಿಸಿದ್ದೇನೆ. ಈ ಸಲ ಮನೆಗಳನ್ನು ಎಣಿಸಲು ಹೇಳಿದಿರಿ. ವಿದ್ಯುತ್ ಮೀಟರಿನ ಪಟ್ಟಿಯನ್ನು ಹಿಡಿದು, ಎಲ್ಲಿ ಮೀಟರ್ ಇದೆಯೋ ಅಲ್ಲಿ ಮನೆ ಇದೆ ಎಂಬ ತಮ್ಮ ಸರಳ ನಂಬಿಕೆಯಂತೆ, ನೂರಾ ಹದಿನಾರು ಮನೆ ಮುಗಿಸಿದೆ. ನೂರಾ ಹದಿನೇಳನೆಯದು ಸವತ್ಯಾರ ದಿಬ್ಬ.

ತಾವು ದೂರದಲ್ಲಿದ್ದೀರಿ, ಆದ್ದರಿಂದ ಹೇಳುತ್ತೇನೆ. ಜಲಾಶಯ ತುಂಬುವ ಮೊದಲು ಇದು ಊರ ಹೊಲಗಳ ನಡುವಿನ ಒಂದು ಎತ್ತರದ ದಿಬ್ಬವಾಗಿತ್ತು. ನೀರು ಏರಿದಾಗ ಸುತ್ತಲಿನ ಹೊಲ ಮುಳುಗಿತು, ಹಳೆಯ ಊರು ಮುಳುಗಿತು, ದಿಬ್ಬದ ಮೇಲಿನ ಏಳು ಎಕರೆ ಮಾತ್ರ ಮುಳುಗಲಿಲ್ಲ. ಅದು ಈಗ ನಾಲ್ಕೂ ಕಡೆ ನೀರಿರುವ ನಡುಗಡ್ಡೆ. ಅಲ್ಲಿರುವ ಇಬ್ಬರು ಹೆಂಗಸರಲ್ಲಿ ಹಿರಿಯಳಾದ ಇಂದ್ರಾಬಾಯಿಯ ಹೆಸರು ಪಹಣಿಯಲ್ಲಿದೆ. ಅಂದರೆ ಸ್ವಂತ ನಡುಗಡ್ಡೆ. ಇಂಥದ್ದನ್ನು ಕೊಂಡುಕೊಳ್ಳಲು ಹೊರದೇಶಗಳಲ್ಲಿ ಸಾಹುಕಾರರು ಸಾಲುಗಟ್ಟುತ್ತಾರಂತೆ. ಇಂದ್ರಾಬಾಯಿಗೆ ಅದು ತಾನಾಗಿಯೇ, ಮನೆಬಾಗಿಲಿಗೆ ಬಂದು ಸೇರಿತು. ಅಲ್ಲಿ ಒಂದು ಮಣ್ಣಿನ ಮಾಳಿಗೆ ಮನೆ, ನಲವತ್ತು ಕುರಿ, ಒಂದಿಷ್ಟು ಜೋಳ, ಮತ್ತು ಗೋಡೆಯ ಮೇಲೊಂದು ಮೀಟರ್ ಇವೆ. ಹಳೆಯ ಊರಿಗೆ ಕರೆಂಟು ಬಂದಾಗ 'ಭಾಗ್ಯಜ್ಯೋತಿ' ಯೋಜನೆಯಲ್ಲಿ ಒಂದು ಬಲ್ಬಿಗೆಂದು ಕೂಡಿಸಿದ್ದು. ತಂತಿ ನೀರಿನ ಪಾಲಾಯಿತು, ಮೀಟರ್ ಉಳಿಯಿತು. ಇಪ್ಪತ್ತು ವರ್ಷದಿಂದ ಅದು ತಿರುಗಿಲ್ಲ. ಆದರೂ ತಮ್ಮ ಪಟ್ಟಿಯ ಪ್ರಕಾರ ಆ ಇಬ್ಬರು ಹೆಂಗಸರು ಬದುಕಿದ್ದಾರೆನ್ನುವುದಕ್ಕೆ ಅದೊಂದೇ ಸಾಕ್ಷಿ. ನನ್ನ ಹೆಸರೂ ಭಾಗ್ಯಜ್ಯೋತಿಯೇ ಆದ್ದರಿಂದ, ದೋಣಿ ನಡೆಸುವ ಮಲ್ಲಣ್ಣನಿಗೆ ಮೂರೂ ದಿನ ನಗುವುದಕ್ಕೆ ಬೇರೆ ವಿಷಯ ಬೇಕಾಗಲಿಲ್ಲ.

ಆ ದಿಬ್ಬಕ್ಕೆ ಹೊರಗಿನವರು ಸುಮ್ಮನೆ ಕಾಲಿಡುವ ಹಾಗಿಲ್ಲ. ಕೆಲವು ವರ್ಷದ ಹಿಂದೆ ಒಂದು ತಂಡ ಹುಟ್ಟುಹಬ್ಬ ಮಾಡಲು ಪೆಟ್ಟಿಗೆಗಟ್ಟಲೆ ಬಾಟಲಿ, ಎದೆಯೆತ್ತರದ ಸ್ಪೀಕರ್ ಹೇರಿಕೊಂಡು ಹೋಗಿತ್ತು. ಅವರು ಹೋದ ಮೇಲೆ ಎರಡು ಕುರಿಮರಿಗಳೂ ಇರಲಿಲ್ಲ. ಆಮೇಲೊಬ್ಬರು ಟೇಪು ಹಿಡಿದು ಬಂದು, ಕೇಳದೆ ಬಿಡದೆ, ರಿಸಾರ್ಟಿಗೆಂದು ಅಂಗಳ ಅಳೆದರು. ಅಂದಿನಿಂದ ಕಾನೂನು ಬಿಗಿಯಾಗಿದೆ. ದೋಣಿ ದಂಡೆ ಮುಟ್ಟುವ ಮೊದಲು ಕೂಗಿ ಕೇಳಬೇಕು. ಒಬ್ಬರಲ್ಲ, ಇಬ್ಬರೂ ಹೂಂ ಅನ್ನಬೇಕು. ಇಂದ್ರಾಬಾಯಿ, ಮತ್ತು ಹುಚ್ಚವ್ವ.

ಮೊದಲ ದಿನ ನಾನು ದೋಣಿಯ ಅಂಚನ್ನು ಎರಡೂ ಕೈಯಿಂದ ಹಿಡಿದು, ಬಾಯಲ್ಲಿ ದೇವರ ಹೆಸರು, ಕೊರಳಲ್ಲಿ ತಮ್ಮ ಗುರುತಿನ ಚೀಟಿ ಇಟ್ಟುಕೊಂಡು ಹೋದೆ. ಮಲ್ಲಣ್ಣ ಕೂಗಿದ. ಮನೆಯ ಮುಂದಿನಿಂದ ಇಂದ್ರಾಬಾಯಿ ಕೈಯೆತ್ತಿ ಬರಲು ಹೇಳಿದಳು. ಎತ್ತರದ, ಬಿಳಿ ಕೂದಲಿನ, ಅವಸರವಿಲ್ಲದ ಹೆಂಗಸು. ಆದರೆ ದಂಡೆಯಲ್ಲಿ ಕೋಲು ಹಿಡಿದು ನಿಂತಿದ್ದ ಗಿಡ್ಡ ಮೈಕಟ್ಟಿನ ಹುಚ್ಚವ್ವ ಅಡ್ಡ ಬಂದಳು.

"ಯಾರ್ನ ಕೇಳಿ ಬಂದಿ?"

"ಸರ್ಕಾರದಿಂದ ಬಂದೇನ್ರಿ. ಮನಿ ಬರಕೊಳ್ಳಾಕ."

"ಹಿಂದಕ ಹಿಂಗ ಒಬ್ಬಾಂವ ಮನಿ ಬರಕೊಂಡು ಹೋದ. ಆಮ್ಯಾಗ ಊರ ಮುಳುಗಿತು. ನೀ ಏನ್ ಮುಳುಗಸಾಕ ಬಂದಿ?"

ಇದಕ್ಕೆ ತಾವು ತರಬೇತಿಯಲ್ಲಿ ಕೊಟ್ಟ ಕೈಪಿಡಿಯಲ್ಲಿ ಉತ್ತರವಿರಲಿಲ್ಲ. ಪುಟ ತಿರುವಿ ನೋಡಿದೆ ಕೂಡ. ದೋಣಿ ತಿರುಗಿತು. ಒಂದನೇ ದಿನದ ವಿವರಣೆ ಇಷ್ಟು.

ಎರಡನೇ ದಿನ ಹೋದಾಗ ಹುಚ್ಚವ್ವ ಕೋಲು ಕೆಳಗಿಟ್ಟಿದ್ದಳು. ಈಜು ಬಾರದವಳು ಮತ್ತೊಮ್ಮೆ ನೀರು ದಾಟಿ ಬಂದಳೆಂಬುದು ಅವಳ ಮನಸ್ಸಿಗೆ ಬಂದಿರಬೇಕು. ಇಳಿಯಲು ಬಿಟ್ಟಳು, ಆದರೆ ಒಂದು ಕರಾರಿನ ಮೇಲೆ. "ನಿಂದೊಂದು ಸವಾಲು, ನಮ್ಮದೊಂದು ಸವಾಲು. ನೀ ಹೇಳಲಿಲ್ಲಂದ್ರ ನಾವೂ ಹೇಳಂಗಿಲ್ಲ." ಮಾನ್ಯರೇ, ತಮ್ಮ ಪ್ರಶ್ನೆಗಳು ಅರವತ್ತು. ಒಂದು ಮನೆಗೆ ಇಪ್ಪತ್ತು ನಿಮಿಷವೆಂದು ತಾವು ಲೆಕ್ಕ ಹಾಕಿದ್ದೀರಿ. ಆ ಲೆಕ್ಕ ಹಾಕಿದವರು ಯಾರನ್ನೂ ತಿರುಗಿ ಪ್ರಶ್ನೆ ಕೇಳಲು ಬಿಟ್ಟವರಲ್ಲ ಎಂಬುದು ನನಗೆ ಅಂದು ತಿಳಿಯಿತು.

ಅಂಗಳದಲ್ಲಿ ಗೋಣಿಚೀಲ ಹಾಸಿ ಕೂತೆವು. ವಾಹನವಿದೆಯೇ ಎಂದು ನಾನು ಕೇಳಿದೆ. ಸೈಕಲ್, ಬೈಕು, ಕಾರು, ಟ್ರ್ಯಾಕ್ಟರ್ ಎಲ್ಲ ಓದಿದೆ. ದೋಣಿ ಇಲ್ಲವೇ ಎಂದು ಇಂದ್ರಾಬಾಯಿ ಕೇಳಿದಳು. ಗಣತಿಗೆಂದು ತಾವು ಮೊಬೈಲಿಗೆ ಹಾಕಿಸಿದ ಆ್ಯಪಿನಲ್ಲಿ ದೋಣಿ ಇರಲಿಲ್ಲ. "ಹಂಗಾರ ಸರ್ಕಾರಕ್ಕ ನೀರ ಗೊತ್ತಿಲ್ಲ ಬಿಡು" ಎಂದಳು. ಅವರ ಸರದಿಯಲ್ಲಿ ಹುಚ್ಚವ್ವ, "ನಿನ್ನ ಗಂಡ ಅಡಿಗಿ ಮಾಡತಾನೇನು?" ಎಂದಳು.

"ಚಹಾ ಮಾಡತಾನ್ರಿ."

"ದಿನಾ?"

"ಹಬ್ಬಕ್ಕ."

"ಕೇಳಿದಿ ಇಂದ್ರಾ? ಹಬ್ಬಕ್ಕ ಚಹಾ ಮಾಡತಾನಂತ. ಸಾಲಿ ಕಲ್ತಾಂವ."

ಕಳೆದ ವರ್ಷಗಳಲ್ಲಿ ಬೇರೆ ಕಡೆ ವಲಸೆ ಹೋಗಿದ್ದೀರಾ ಎಂಬುದು ತಮ್ಮ ಹದಿನೇಳನೇ ಪ್ರಶ್ನೆ. ಇಂದ್ರಾಬಾಯಿ ನೀರಿನ ಕಡೆ ಕೈ ಮಾಡಿ, "ನಾವ ಎಲ್ಲೂ ಹೋಗಿಲ್ಲ. ಊರ ಹೋತು" ಎಂದಳು. 'ಇಲ್ಲ' ಎಂದು ಒತ್ತಿದೆ. ಅದಕ್ಕೆ ಪ್ರತಿಯಾಗಿ ಅವಳು ಕೇಳಿದ್ದು, "ನೀ ಯಾರ ಕೂಡ ಜಗಳಾಡತಿ?" ನಾನು ಯೋಚಿಸಿದೆ. ಮನೆಯಲ್ಲಿ ಅತ್ತೆಗೆ ಎದುರಾಡುವುದಿಲ್ಲ. ಶಾಲೆಯಲ್ಲಿ ಮುಖ್ಯೋಪಾಧ್ಯಾಯರಿಗೆ ಎದುರಾಡುವುದಿಲ್ಲ. ತಮ್ಮಂಥವರಿಗಂತೂ ಕನಸಿನಲ್ಲೂ ಇಲ್ಲ. ಯಾರ ಜೊತೆಯೂ ಇಲ್ಲವೆಂದು ಹೇಳಿದೆ. ಅವರಿಬ್ಬರೂ ನನ್ನನ್ನು ನೋಡಿದ ರೀತಿ ಹೇಗಿತ್ತೆಂದರೆ, ರೇಷನ್ ಕಾರ್ಡ್ ಇಲ್ಲದವರನ್ನು ನಾವು ಗಣತಿಯವರು ನೋಡುತ್ತೇವಲ್ಲ, ಹಾಗೆ. ಇಂದ್ರಾಬಾಯಿ ಎದ್ದು ಒಳಗಿನಿಂದ ಒಂದು ಬಟ್ಟಲು ಮಜ್ಜಿಗೆ ತಂದುಕೊಟ್ಟಳು. ಇಪ್ಪತ್ಮೂರನೇ ಪ್ರಶ್ನೆಗೆ ಬರುವಷ್ಟರಲ್ಲಿ ಗಾಳಿ ಎದ್ದಿತು. ನೀರು ಏಳುವ ಮೊದಲು ದಾಟಬೇಕೆಂದು ಮಲ್ಲಣ್ಣ ಅವಸರ ಮಾಡಿದ. ಎರಡನೇ ದಿನದ ವಿವರಣೆ ಇಷ್ಟು.

ಮೂರನೇ ದಿನ ಅಸಲು ತೊಡಕು ಬಂತು. ಕುಟುಂಬದ ಯಜಮಾನರು ಯಾರು ಎಂದು ಕೇಳಿದೆ. ಇಂದ್ರಾಬಾಯಿ ಹುಚ್ಚವ್ವನ ಕಡೆ ಕೈ ತೋರಿಸಿದಳು. ಹುಚ್ಚವ್ವ ಇಂದ್ರಾಬಾಯಿಯ ಕಡೆ ತೋರಿಸಿದಳು. ಒಬ್ಬರ ಹೆಸರನ್ನೇ ಹಾಕಬೇಕೆಂದೆ. ಸುಮಾರು ಅರ್ಧ ತಾಸು ವಾದ ನಡೆದು, ಪಹಣಿ ಇರುವವಳೇ ಯಜಮಾನಿ ಎಂದು ತೀರ್ಮಾನವಾಯಿತು. ಮುಂದಿನ ಪ್ರಶ್ನೆ, ಹುಚ್ಚವ್ವ ಯಜಮಾನಿಗೆ ಏನಾಗಬೇಕು? ಆ್ಯಪಿನಲ್ಲಿ ತಾಯಿ, ಮಗಳು, ಸೊಸೆ, ನಾದಿನಿ, ಅಜ್ಜಿ, ಮನೆಗೆಲಸದವರು ಎಲ್ಲರೂ ಇದ್ದರು. ಆದರೆ ಇವಳು ಇಂದ್ರಾಬಾಯಿಯ ಸವತಿ.

ಗುರಣ್ಣನೆಂಬ ಅವರ ಗಂಡ ಮಕ್ಕಳಾಗಲಿಲ್ಲವೆಂದು ಇಂದ್ರಾಬಾಯಿಯ ಮೇಲೆ ಹುಚ್ಚವ್ವನನ್ನು ಮಾಡಿಕೊಂಡ. ಅವಳಿಗೂ ಆಗಲಿಲ್ಲ. ಕೊರತೆ ಯಾರದೆಂದು ಗುರಣ್ಣನಿಗೆ ಹೇಳುವ ಧೈರ್ಯ ಊರಿನಲ್ಲಿ ಯಾರಿಗೂ ಇರಲಿಲ್ಲ. ಅವನು ತೀರಿಹೋದಾಗ ಈ ಇಬ್ಬರೂ ದಿಬ್ಬದ ನಡುವೆ ಮುಳ್ಳಿನ ಬೇಲಿ ಹಾಕಿಕೊಂಡು, ಆರು ವರ್ಷ ಒಬ್ಬರ ಮುಖ ಒಬ್ಬರು ನೋಡದೆ, ಆದರೆ ಒಬ್ಬರಿಗೊಬ್ಬರು ಕೇಳುವಷ್ಟು ಗಟ್ಟಿಯಾಗಿ ಬೈದುಕೊಂಡು ಬಾಳಿದರು. ಆಮೇಲೆ ನೀರು ಬಂತು. ಹೊಸ ಊರಿನಲ್ಲಿ ಮನೆಗೊಂದು ಜಾಗ ಕೊಟ್ಟರು. ಪಟ್ಟಿಯಲ್ಲಿದ್ದದ್ದು ಇಂದ್ರಾಬಾಯಿ ಮಾತ್ರ. ಹುಚ್ಚವ್ವ ಯಾವ ಪಟ್ಟಿಯಲ್ಲೂ ಇರಲಿಲ್ಲ. ರೇಷನ್ ಕಾರ್ಡಿನಲ್ಲಿಲ್ಲ, ಪಹಣಿಯಲ್ಲಿಲ್ಲ, ಮತದಾರರ ಯಾದಿಯಲ್ಲಿಲ್ಲ. ಎರಡನೇ ಹೆಂಡತಿಯನ್ನು ಬರೆದುಕೊಂಡರೆ ತೊಂದರೆಯೆಂದು ಬರೆಯುವವರೆಲ್ಲ ಆ ಗೆರೆಯನ್ನು ಖಾಲಿ ಬಿಟ್ಟಿದ್ದರು. ಇಂದ್ರಾಬಾಯಿ ಹೊಸ ಊರಿಗೆ ಹೋದಳು, ಹುಚ್ಚವ್ವ ದಿಬ್ಬದ ಮೇಲೆ ಒಬ್ಬಳೇ ಉಳಿದಳು. ಹದಿನೈದು ದಿನಕ್ಕೆ ಇಂದ್ರಾಬಾಯಿ ಗಂಟು ಕಟ್ಟಿಕೊಂಡು ದೋಣಿ ಹತ್ತಿ ವಾಪಸು ಬಂದಳು.

"ಯಾಕ್ ಬಂದ್ರಿ?" ಎಂದು ನಾನು ಕೇಳಿದೆ. ಇದು ತಮ್ಮ ಅರವತ್ತರಲ್ಲಿ ಇರಲಿಲ್ಲ.

"ಅಲ್ಲಿ ಯಾರ ಕೂಡ ಜಗಳಾಡ್ಲಿ?" ಎಂದಳು ಇಂದ್ರಾಬಾಯಿ. "ಎಲ್ಲಾರೂ ಹೊಸಬರು. ಮಾತಿಗೆ ಮಾತು ಕೊಡವ್ರ ಇಲ್ಲ. ಈಕಿ ಇಲ್ಲಿ ಒಬ್ಬಾಕೀನ ಕೂತಾಳ, ನೀರ ಏರಾಕತ್ತೈತಿ. ನಿದ್ದಿ ಬರಲಿಲ್ಲ."

"ಬಂದ ದಿನಾನ ನನ್ನ ಒಲಿ ಛಲೋ ಇಲ್ಲಂತ ಒಡದ್ಲು" ಎಂದಳು ಹುಚ್ಚವ್ವ.

"ಛಲೋ ಇರಲಿಲ್ಲ."

ಬೇಲಿಯ ಮುಳ್ಳನ್ನು ಆ ಮಳೆಗಾಲದಲ್ಲಿ ಉರುವಲಿಗೆ ಹಾಕಿದರಂತೆ. ಸಂಬಂಧದ ಜಾಗದಲ್ಲಿ ಏನು ಬರೆಯಲಿ ಎಂದೆ. ಇಂದ್ರಾಬಾಯಿ, "ನನ್ನಾಕಿ ಅಂತ ಬರಿ" ಎಂದಳು. ಆ್ಯಪಿನಲ್ಲಿ ಕಟ್ಟಕಡೆಗೆ 'ಇತರೆ' ಎಂದಿತ್ತು. ಅದನ್ನು ಒತ್ತಿದೆ. ಮಾನ್ಯರೇ, ಅವಮಾನವೆನಿಸಿದ್ದು ನನಗೆ. ಅವರಿಗೆ ಅಲ್ಲ. ಹುಚ್ಚವ್ವ ತೆರೆಯ ಮೇಲೆ ಹೆಸರಿದ್ದ ಸಾಲಿಗೆ ಬೆರಳಿಟ್ಟು, "ಇದು ನಾನೇನು?" ಎಂದು ಕೇಳಿದಳು. ಹೌದೆಂದೆ. ಅರವತ್ತು ದಾಟಿದ ಹೆಂಗಸು ತನ್ನ ಹೆಸರನ್ನು ಬರೆದ ರೂಪದಲ್ಲಿ ನೋಡಿದ್ದು ಅದೇ ಮೊದಲು. ಎದ್ದು ಕುರಿಗಳ ಕಡೆ ಹೋದಳು, ತಿರುಗಿ ಬಂದಾಗ ನನ್ನ ಚೀಲದಲ್ಲಿ ನಾಲ್ಕು ಎಳೆಯ ಸೌತೆಕಾಯಿ ಹಾಕಿದಳು.

ಇನ್ನು ತಮ್ಮ ಆ್ಯಪಿನ ಸಂಗತಿ. ಎಲ್ಲ ತುಂಬಿ 'ಸಲ್ಲಿಸು' ಎಂದು ಒತ್ತಿದಾಗ ಅದು, 'ನೀವು ಜಲಾಶಯದಲ್ಲಿದ್ದೀರಿ. ದಯವಿಟ್ಟು ಮನೆಯ ಸಮೀಪ ಹೋಗಿ' ಎಂದಿತು. ನಾನು ಆಗ ಮನೆಯ ಹೊಸ್ತಿಲ ಮೇಲೆ ಕೂತಿದ್ದೆ. ಒಳಗೆ ಹೋಗಿ ಒತ್ತಿದೆ, ಅದೇ ಮಾತು. ಜಲಾಶಯ ತುಂಬಿದ ದಿನ ಮೇಲಿನಿಂದ ತೆಗೆದ ಯಾವುದೋ ಚಿತ್ರ ಇಟ್ಟುಕೊಂಡು, ಅಂಚಿನೊಳಗಿನ ಎಲ್ಲವನ್ನೂ ಒಂದೇ ನೀಲಿ ಬಣ್ಣದಲ್ಲಿ ಬಳಿದಿದ್ದಾರೆಂದು ಆಮೇಲೆ ಗೊತ್ತಾಯಿತು. ನೆಟ್‌ವರ್ಕ್ ಬೇರೆ ಇರಲಿಲ್ಲ. ಕಡೆಗೆ ನಿಚ್ಚಣಿಕೆ ಇಟ್ಟು ಮಾಳಿಗೆ ಹತ್ತಿದೆ. ಹುಚ್ಚವ್ವ ಕೆಳಗೆ ನಿಚ್ಚಣಿಕೆ ಹಿಡಿದಿದ್ದಳು, ಇಂದ್ರಾಬಾಯಿ ಅದನ್ನು ಹಿಡಿಯುವ ರೀತಿ ಸರಿಯಿಲ್ಲವೆಂದು ಅವಳನ್ನು ಬೈಯುತ್ತಿದ್ದಳು. ಅಲ್ಲಿ ನಿಂತು 'ಸ್ಥಳ ಸರಿಯಾಗಿದೆ ಎಂದು ಗಣತಿದಾರರು ದೃಢೀಕರಿಸುತ್ತಾರೆ' ಎಂಬ ಚೌಕಕ್ಕೆ ಗುರುತು ಹಾಕಿ ಸಲ್ಲಿಸಿದೆ. ದೃಢೀಕರಿಸಿದವಳು ನಾನು. ಮೂರನೇ ದಿನದ ವಿವರಣೆ ಮುಗಿಯಿತು.

ಮರುವಾರ ತಾವು ಫೋನು ಮಾಡಿದಿರಿ. ತಮಗೆ ನೆನಪಿರಲಿಕ್ಕಿಲ್ಲ, ನನಗೆ ಪ್ರತಿ ಮಾತೂ ನೆನಪಿದೆ. ನಾನು ಆರನೇ ಇಯತ್ತೆಗೆ ಭಾಗಾಕಾರ ಹೇಳುತ್ತಿದ್ದೆ.

"ಮೇಡಂ, ನೀರಾಗ ಮನಿ ಹೆಂಗಿರತೈತ್ರಿ?"

"ನೀರಾಗ ಇಲ್ರಿ ಸರ್, ದಿಬ್ಬದ ಮ್ಯಾಗ ಐತ್ರಿ. ನಾ ಹೋಗಿ ಬಂದೇನಿ."

"ನಕಾಶಿಯೊಳಗ ನೀರ ತೋರಸಾಕತ್ತೈತಿ. ಮ್ಯಾಲಿನವ್ರು ನನ್ನ ಕೇಳತಾರ. ಡಿಲೀಟ್ ಮಾಡಿಬಿಡ್ರಿ, ಎರಡ ಮಂದಿ ಅಷ್ಟ."

ಈ 'ಅಷ್ಟ' ಎಂಬ ಮಾತನ್ನು ತಾವು ಬಹಳ ಸಹಜವಾಗಿ ಹೇಳಿದಿರಿ. ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ ಎಂದು ನಂಬುತ್ತೇನೆ. ತಮಗೆ ಅದು ನೂರಾ ಹದಿನೇಳರಲ್ಲಿ ಒಂದು ಗೆರೆ. ಆದರೆ ತಾವು ಎಷ್ಟೇ ಹಿರಿಯ ಅಧಿಕಾರಿಯಾದರೂ ಆ ಗೆರೆಯನ್ನು ತೆಗೆಯುವ ಗುಂಡಿ ತಮ್ಮ ಹತ್ತಿರವಿಲ್ಲ. ಯಾರು ತುಂಬಿದರೋ ಅವರೇ ತೆಗೆಯಬೇಕೆಂದು ಆ್ಯಪು ಮಾಡಿದವರು ಯಾವ ಪುಣ್ಯದಿಂದಲೋ ನಿಯಮ ಇಟ್ಟುಬಿಟ್ಟಿದ್ದಾರೆ. ನನ್ನ ಬಾಯಿಗೆ 'ಹೌದ್ರಿ ಸರ್' ಬಂದಿತ್ತು. ಹದಿನಾಲ್ಕು ವರ್ಷದ ರೂಢಿ. ನಾಲಿಗೆ ತಾನೇ ಸಿದ್ಧವಾಗುತ್ತದೆ. ಯಾಕೆಂದು ತಿಳಿಯದು, ಹೊರಬಂದದ್ದು "ಇಲ್ರಿ" ಎಂದು. ಫೋನು ಕೆಳಗಿಟ್ಟು, ಅರ್ಧಕ್ಕೆ ನಿಂತಿದ್ದ ಭಾಗಾಕಾರ ಮುಗಿಸಿದೆ. ಮೂರನೇ ದಿನಕ್ಕೆ ನೋಟಿಸು ಬಂತು.

ಈಗ ತಮ್ಮನ್ನು ಕೇಳುತ್ತೇನೆ. ಮುಳುಗದ ದಿಬ್ಬ ಮುಳುಗಿದೆಯೆಂದು ಕಾಗದ ಹೇಳಿದರೆ, ತಪ್ಪಿದ್ದು ದಿಬ್ಬವೋ ಕಾಗದವೋ? ಅಲ್ಲಿ ಮನೆಯೇ ಇಲ್ಲವೆಂದಾದರೆ ನಾನು ಮಜ್ಜಿಗೆ ಕುಡಿದದ್ದು ಎಲ್ಲಿ? ಅಸ್ತಿತ್ವದಲ್ಲಿಲ್ಲದ ಇಬ್ಬರು ಹೆಂಗಸರ ಜೊತೆ ಮೂರು ದಿನ ಕಳೆದಿದ್ದಕ್ಕೆ ನನ್ನಿಂದ ವಿವರಣೆ ಕೇಳುತ್ತೀರಲ್ಲ, ಅವರು ಇಲ್ಲದಿದ್ದರೆ ನನ್ನನ್ನು ಅಷ್ಟು ಹೊತ್ತು ತಡೆದವರಾದರೂ ಯಾರು? ಬೇಲಿಯಿಲ್ಲದ, ಬಾಗಿಲಿಲ್ಲದ ಆ ನಡುಗಡ್ಡೆಗೆ ಕಾಲಿಡಲು ಇಬ್ಬರ ಒಪ್ಪಿಗೆ ಬೇಕು. ತಮ್ಮ ದಾಖಲೆಯಿಂದ ಅವರಿಬ್ಬರನ್ನೂ ಹೊರಗೆ ಹಾಕಲು ಯಾರ ಒಪ್ಪಿಗೆಯೂ ಬೇಡವೇ?

ಕಳೆದ ಭಾನುವಾರ ನಾನು ರಜೆಯಲ್ಲಿ, ಗುರುತಿನ ಚೀಟಿ ಹಾಕದೆ, ದಿಬ್ಬಕ್ಕೆ ಹೋಗಿ ನೋಟಿಸನ್ನು ಓದಿ ಹೇಳಿದೆ. ಹುಚ್ಚವ್ವ ಮೊದಲಿಗೆ ನಕ್ಕಳು. ಇಂದ್ರಾಬಾಯಿ ನಗಲಿಲ್ಲ.

"ನಂದು ಅಳಸಿದ್ರ ಅಳಸ್ಲಿ" ಎಂದಳು. "ನನ್ನ ಹೆಸರು ನಾಕ ಕಾಗದದಾಗ ಐತಿ. ಈಕಿದು ಇದೊಂದ. ನಾಳಿ ನಾ ಸತ್ತೆ ಅಂದ್ರ ಈ ಏಳ ಎಕರೆದಾಗ ಈಕಿ ಯಾರು ಅಂತ ಕೇಳತಾರ. ಟೇಪ್ ಹಿಡಕೊಂಡ ಬಂದಾಂವ ಮತ್ತ ಬರತಾನ. ಈಕಿನ್ನ ದೋಣ್ಯಾಗ ಕೂಡಿಸಿ ಕಳಸತಾರ. ಎಲ್ಲಿಗೆ?"

ಆಗ ಹುಚ್ಚವ್ವನ ನಗು ನಿಂತಿತು. ಅವರು ಈ ಬಗ್ಗೆ ಒಬ್ಬರಿಗೊಬ್ಬರು ಎಂದೂ ಮಾತಾಡಿರಲಿಲ್ಲವೆಂದು ಕಾಣುತ್ತದೆ. ಆಮೇಲೆ ಹುಚ್ಚವ್ವ ಒಲೆಯಿಂದ ಆರಿದ ಇದ್ದಿಲೊಂದನ್ನು ತೆಗೆದುಕೊಂಡು ನನ್ನ ಮುಂದೆ ಹಿಡಿದು, "ಅದನ್ನ ಹೆಂಗ್ ಬರೀತಾರ, ತೋರಸು" ಎಂದಳು. ಮೀಟರಿನ ಕೆಳಗಿನ ಗೋಡೆಯ ಮೇಲೆ ಅವಳ ಹೆಸರನ್ನು ಬರೆದುಕೊಟ್ಟೆ. ಸಂಜೆಯವರೆಗೆ ತಿದ್ದಿದಳು. 'ಹು' ಬೇಗ ಬಂತು. ಒತ್ತಕ್ಷರಗಳ ಜೊತೆ ಜಗಳವಾಯಿತು.

ನನ್ನ ಬೇಡಿಕೆಗಳು ಹೆಚ್ಚಿಲ್ಲ. ನೋಟಿಸನ್ನು ಹಿಂತೆಗೆದುಕೊಳ್ಳಿ. ನಕಾಶೆಯ ನೀಲಿಯಲ್ಲಿ ಏಳು ಎಕರೆಯಷ್ಟು ಮಣ್ಣಿನ ಬಣ್ಣ ಹಾಕಿಸಿ. ಹುಚ್ಚವ್ವ ಆ ಮನೆಯಲ್ಲಿ ಇಂದ್ರಾಬಾಯಿಯ ಜೊತೆ ವಾಸವಿದ್ದಾಳೆಂದು ಮೊಹರು ಹಾಕಿದ ಒಂದು ಪತ್ರ ಕೊಡಿ. ಇದಕ್ಕೆ ಸ್ಥಳ ಪರಿಶೀಲನೆ ಅಗತ್ಯವೆಂದರೆ ತಾವೇ ಬನ್ನಿ. ಸೋಮವಾರ, ಗುರುವಾರ ಮಲ್ಲಣ್ಣ ದೋಣಿ ಬಿಡುತ್ತಾನೆ. ಜೀಪು ದಂಡೆಯಲ್ಲಿ ನಿಲ್ಲಿಸಬೇಕಾಗುತ್ತದೆ. ಇಬ್ಬರ ಒಪ್ಪಿಗೆಯನ್ನು ನಾನು ಮುಂಗಡವಾಗಿ ಪಡೆದಿಟ್ಟಿದ್ದೇನೆ, ಆದರೆ ಪ್ರಶ್ನೆಗಳ ಕರಾರು ತಮಗೂ ಉಂಟು. ತಮ್ಮ ಮನೆಯಲ್ಲಿ ಕಡೆಯಲ್ಲಿ ಉಣ್ಣುವವರು ಯಾರೆಂದು ತಿಳಿದುಕೊಂಡು ಬಂದರೆ ಬೇಗ ಮುಗಿಯುತ್ತದೆ. ಬರಲಾಗದಿದ್ದರೆ ನನ್ನ ಮೇಲೆ ಏನು ಕ್ರಮ ಜರುಗಿಸುತ್ತೀರೋ ಜರುಗಿಸಿ. ಗುಂಡಿ ನನ್ನ ಬಳಿಯೇ ಇದೆ, ನಾನು ಒತ್ತುವುದಿಲ್ಲ.

ನಿವಾಸಿಗಳ ಲಿಖಿತ ಹೇಳಿಕೆಯಿಲ್ಲವೆಂದು ತಾವು ತಕರಾರು ತೆಗೆಯಬಾರದೆಂದು ಅದನ್ನೂ ಲಗತ್ತಿಸಿದ್ದೇನೆ. ಇಂದ್ರಾಬಾಯಿಯದು ಹೆಬ್ಬೆಟ್ಟು. ಹುಚ್ಚವ್ವನದು ಸಹಿ, ಸ್ವಂತ ಕೈಬರಹ. ಮೂರನೇ ಅಕ್ಷರ ಒಂದಿಷ್ಟು ಕೆಳಗೆ ಜಾರಿದೆ. ಅದನ್ನು ದೋಷವೆಂದು ವಾಪಸು ಕಳಿಸಬೇಡಿ. ಬರೆಯುವಾಗ ಇಂದ್ರಾಬಾಯಿಯ ಮೊಣಕೈ ತಾಗಿತೆಂದು ಹುಚ್ಚವ್ವ ಹೇಳುತ್ತಾಳೆ, ತಾಗಿಲ್ಲವೆಂದು ಇಂದ್ರಾಬಾಯಿ ಹೇಳುತ್ತಾಳೆ. ನಾನು ದೋಣಿ ಹತ್ತಿ ದಂಡೆ ಸೇರುವವರೆಗೂ ಅದು ಇತ್ಯರ್ಥವಾಗಿರಲಿಲ್ಲ.

ಇಂತಿ,
ಈ ಪತ್ರ ಅಚ್ಚಾಗುವ ಹೊತ್ತಿಗೆ ಯಾವ ತಾಲೂಕಿನ ಯಾವ ಶಾಲೆಯಲ್ಲಿರುತ್ತಾಳೋ ತಾನೇ ಅರಿಯದ,
ಭಾಗ್ಯಜ್ಯೋತಿ,
ಸಹಶಿಕ್ಷಕಿ, ಸದ್ಯಕ್ಕೆ